ಎರಡು ಚಪ್ಪಾಳೆಗಳ ನಡುವೆ

ನಮ್ಮೂರಿನಲ್ಲಿ ಸಿಟ್ಟು ಮಾಡಿಕೊಳ್ಳುವುದು ಸುಲಭದ ಕೆಲಸವಲ್ಲ. ಇವತ್ತು ಬಂದ ಸಿಟ್ಟು ಮುಖಕ್ಕೆ ಬರುವುದು ನಾಳೆ, ಇದೇ ಹೊತ್ತಿಗೆ. ಅಷ್ಟರಲ್ಲಿ ಯಾರ ಮೇಲೆ ಸಿಟ್ಟು ಬಂದಿತ್ತೋ ಅವರು ಎದ್ದು ಹೋಗಿರುತ್ತಾರೆ, ಎದುರಿಗೆ ಇನ್ಯಾರೋ ಪಾಪದವರು ರಾಗಿ ಚೀಲ ಹಿಡಿದು ನಿಂತಿರುತ್ತಾರೆ. ನನ್ನದು ಹಿಟ್ಟಿನ ಗಿರಣಿ. ಹಿಂದಿನ ದಿನದ ಗಿರಾಕಿಗೆ ಸಲ್ಲಬೇಕಾದ ಕೆಂಗಣ್ಣನ್ನು ಮರುದಿನದ ಗಿರಾಕಿಗಳು ಎಷ್ಟು ಸಲ ಉಂಡಿದ್ದಾರೋ ಹೇಳಲಾರೆ. ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ. "ನೆನ್ನೆ ಯಾರ ಮೇಲೆ ಬಿದ್ದೆ ಚೆನ್ನಕ್ಕ?" ಎಂದು ಕೇಳುತ್ತಾರೆ. ನಾನು ಚೀಲಕ್ಕೆ ಹಿಟ್ಟು ತುಂಬುತ್ತಾ ನಗುನಗುತ್ತಲೇ ಜಗಳದ ಕಥೆ ಹೇಳುತ್ತೇನೆ. ನಗು ದನಿಯಲ್ಲಿರುತ್ತದೆ, ಮುಖ ಮಾತ್ರ ಗಂಟು ಹಾಕಿಕೊಂಡೇ ಇರುತ್ತದೆ.

ಹಾಗಂತ ಇದರಿಂದ ನಮಗೇನೂ ತೊಂದರೆಯಿಲ್ಲ. ಮುಖ ನೆನ್ನೆಯದು, ದನಿ ಇವತ್ತಿನದು ಎಂಬುದು ತೊದಲು ಮಾತಿನ ಮಕ್ಕಳಿಗೂ ಗೊತ್ತು. ಬೇಕೆಂದು ನಗುವುದು, ಬೇಕೆಂದು ಅಳುವುದು ನಮ್ಮೂರ ಮುಖಗಳಿಗೆ ಬರುವುದಿಲ್ಲ. ಹುಟ್ಟಿದ ಕೂಸಿಗೆ ಮೊದಲ ದಿನ ಮುಖಕ್ಕೆ ಬರಲು ಏನೂ ಇರುವುದಿಲ್ಲ. ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದರೂ ಮುಖ ತೊಳೆದಿಟ್ಟ ತಟ್ಟೆಯ ಹಾಗಿರುತ್ತದೆ. ಮದುವೆಯ ಪಂಕ್ತಿಯಲ್ಲಿ ಕೂತವರ ಮುಖದ ಮೇಲೆ ಹಿಂದಿನ ದಿನ ಚಪ್ಪರ ಹಾಕಿದ ದಣಿವು ಕಾಣುತ್ತದೆ. ಮದುವೆಯ ಸಂಭ್ರಮ ಬರುವುದು ಮರುದಿನ ಪಾತ್ರೆ ತಿಕ್ಕುವಾಗ. ಅದಕ್ಕೇ ನಮ್ಮಲ್ಲಿ ಹಂಡೆಯ ಮುಂದೆ ಕೂತ ಹೆಂಗಸರಷ್ಟು ಚೆಲುವೆಯರು ಎಲ್ಲೂ ಸಿಗುವುದಿಲ್ಲ. ಇವತ್ತಿನ ಸಂಗತಿ ಬೇಕಿದ್ದರೆ ಕಿವಿ ಕೊಡಬೇಕು. ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡಿಸಿ ಮಾತಾಡಿಸಿ ನಮ್ಮ ಬೀದಿಯ ಒಂದೊಂದು ದನಿಯೂ ನನಗೆ ಪರಿಚಯ.

ಆದರೆ ಊರು ದನಿಯನ್ನು ನಂಬುವುದಿಲ್ಲ. ಬಾಯಿ ಸುಳ್ಳು ಹೇಳಬಹುದು, ಮುಖ ಹೇಳುವುದಿಲ್ಲ ಎಂಬುದು ಹಿಂದಿನಿಂದ ಬಂದ ಮಾತು. ಹಾಗಾಗಿ ಏನಾದರೂ ದೊಡ್ಡದು ನಡೆದರೆ ನಮ್ಮವರು ಮೊದಲು ಅಂಗಳಕ್ಕೆ ಓಡಿ, ನೆರಳು ಎಲ್ಲಿಗೆ ಬಂದಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಾರೆ. ಮರುದಿನ ನೆರಳು ಆ ಗೆರೆಗೆ ಬರುವಾಗ ಮುಖ ನೋಡುತ್ತಾರೆ. ಇದಕ್ಕೆ ಮರುಮುಖ ಎನ್ನುತ್ತೇವೆ. ಹೆಣ್ಣು ನೋಡಲು ಬಂದವರು ಒಂದು ದಿನ ಒಪ್ಪಿಗೆಯೇ ಎಂದು ಕೇಳಿ ಹೋಗುತ್ತಾರೆ, ಮರುದಿನ ಉತ್ತರ ನೋಡಿಕೊಂಡು ಹೋಗಲು ಬರುತ್ತಾರೆ. ಎರಡು ದಿನವೂ ಅವಲಕ್ಕಿ ಕಲಸಿ ಸಾಕಾಗುತ್ತದೆ.

ಮರುಮುಖ ನೋಡಿ ತೀರ್ಪು ಹೇಳಲು ಮುಖದ ಕಟ್ಟೆಯ ಯಜಮಾನರೇ ಬರಬೇಕು. ಈಗಿನವರು ಗುರುಪಾದಪ್ಪ. ಅವರು ಒಂದು ಚಪ್ಪಾಳೆ ಹೊಡೆದಾಗ ಎಲ್ಲರೂ ತಲೆಯೆತ್ತಿ ನೋಡಬೇಕು, ಇನ್ನೊಂದು ಚಪ್ಪಾಳೆಗೆ ತಲೆ ತಗ್ಗಿಸಬೇಕು, ಕೂತವರ ತಲೆಯ ಮೇಲೆ ಬಟ್ಟೆ ಹೊದಿಸಬೇಕು. ಎರಡು ಚಪ್ಪಾಳೆಗಳ ನಡುವೆ ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೆ. ಇದು ಮರ್ಯಾದೆಗೆಂದು ಮಾಡಿದ ನಿಯಮ. ನೆನ್ನೆ ದಿನದಲ್ಲಿ ಏನೇನೋ ಇರುತ್ತದೆ, ಇನ್ನೊಬ್ಬರ ಮುಖವನ್ನು ಉದ್ದಕ್ಕೂ ನೋಡುತ್ತಾ ಕೂರುವುದು ಸ್ನಾನದ ಮನೆಗೆ ಇಣುಕಿದಂತೆ. ಒಳ್ಳೆಯ ನಿಯಮವೇ. ಒಳ್ಳೆಯ ನಿಯಮ ಹಿಡಿದುಕೊಂಡೇ ಒಬ್ಬಳ ಬಾಳು ಹಾಳು ಮಾಡಬಹುದು ಎಂದು ನನಗೆ ಗೊತ್ತಾದದ್ದು ಹೊನ್ನಮ್ಮ ಸತ್ತ ಮೇಲೆ.

ಹೊನ್ನಮ್ಮ ನಮ್ಮ ಎದುರು ಮನೆಯವಳು. ಸೊಂಟ ಮುರಿದು ಮಲಗಿದ ಮೇಲೂ ಅವಳ ನಾಲಿಗೆ ಬೀದಿ ಸುತ್ತುತ್ತಿತ್ತು. ಮಗ ಮಾದಯ್ಯ ಕೆರೆಯಂಚಿನಲ್ಲಿ ಹಗ್ಗ ಹೊಸೆಯುವವನು. ಮಗಳು ಪುಟ್ಟನಂಜಿಯನ್ನು ಕೆಳಗಿನ ಬೀದಿಗೇ ಕೊಟ್ಟಿತ್ತು. ಹೊನ್ನಮ್ಮನನ್ನು ಎತ್ತಿ ಕೂರಿಸುವುದು, ತೊಳೆಯುವುದು, ತಲೆ ಬಾಚುವುದು ಎಲ್ಲ ಸೊಸೆ ದೇವೀರಿಯದೇ. ಅತ್ತೆ ಸೊಸೆ ಇಬ್ಬರೂ ಹಗಲೆಲ್ಲ ಒಬ್ಬರನ್ನೊಬ್ಬರು ಬೈದುಕೊಂಡೇ ಇರುತ್ತಿದ್ದರು. ಗಿರಣಿ ನಿಲ್ಲಿಸಿದಾಗ ನನಗೆ ಅದೇ ರೇಡಿಯೋ. "ಲೇ, ಗಂಜಿಗೆ ಉಪ್ಪು ಹಾಕಿದ್ಯೋ ಇಲ್ಲ ನಿಮ್ಮಪ್ಪನ ಮನೆಗೆ ಉಳಿಸ್ತಿದ್ಯೋ?" "ನಮ್ಮಪ್ಪನ ಮನೆ ಬಿದ್ದೋಗಿ ಎಷ್ಟು ವರ್ಷ ಆಯ್ತು ಅತ್ತೆಮ್ಮ, ಸುಮ್ನೆ ಉಣ್ಣಿ." ಬೈಗುಳವೆಂದು ಕೇಳಿದರೆ ಬೈಗುಳ. ದನಿ ಗೊತ್ತಿದ್ದವರಿಗೆ ಅದು ಬೇರೆಯೇ.

ಒಂದು ದಿನ ಊಟದ ಹೊತ್ತು ಕಳೆದ ಮೇಲೆ ದೇವೀರಿ ಅಂಗಳಕ್ಕೆ ಓಡಿಬಂದು ನೆರಳಿಗೆ ಗೆರೆ ಎಳೆದದ್ದನ್ನು ನಾನೇ ನೋಡಿದೆ. "ಚೆನ್ನಕ್ಕ, ಅತ್ತೆಮ್ಮ ಹೋಗ್ಬುಟ್ರು" ಎಂದಳು. ದನಿ ಒಡೆದ ಮಡಕೆಯಂತಿತ್ತು.

ಸತ್ತವರ ಮುಖಕ್ಕೆ ನಾಳೆ ಇಲ್ಲ. ಅವರ ಕೊನೆಯ ದಿನ ಹೇಗಿತ್ತೆಂದು ಅವರ ಮುಖದಲ್ಲಿ ಯಾರೂ ಎಂದೂ ನೋಡಲಾರರು. ಅದಕ್ಕೇ ಪಕ್ಕದಲ್ಲಿ ಕೂತಿದ್ದವರ ಮರುಮುಖ ನೋಡುವುದು ನಮ್ಮ ಕ್ರಮ. ಜೀವ ಹೋದದ್ದು ಹೇಗೆ, ನೋವಿತ್ತೇ, ಸಮಾಧಾನವಿತ್ತೇ ಎಂಬುದೆಲ್ಲ ಮನೆಯವರಿಗೆ ಅಲ್ಲೇ ಸಿಗಬೇಕು. ಅದನ್ನು ನೋಡಿದ ಮೇಲೆಯೇ ಹೆಣ ಎತ್ತುವುದು.

ಮರುದಿನ ಅಂಗಳದಲ್ಲಿ ಚಾಪೆ ಹಾಸಿ ದೇವೀರಿಯನ್ನು ಕೂರಿಸಿದರು. ಎದುರಿಗೆ ಮಾದಯ್ಯ, ಪುಟ್ಟನಂಜಿ, ನೆಂಟರು. ದೇವೀರಿಯ ಮಗಳು ಬೆಳ್ಳಿ, ಇನ್ನೂ ಶಾಲೆಗೆ ಹೋಗದ ಮಗು, ಪುಟ್ಟನಂಜಿಯ ತೊಡೆಯ ಮೇಲಿತ್ತು. ನಾನು ದೇವೀರಿಯ ಹಿಂದೆ ಗೋಡೆಗೊರಗಿ ನಿಂತಿದ್ದೆ. ನೆರಳು ಗೆರೆಗೆ ಇನ್ನೊಂದು ಬೆರಳಿದೆ ಎನ್ನುವಾಗ ನೋಡುವುದು ವಾಡಿಕೆ. ಒಳಗಿನಿಂದ ಓಡಿಬಂದು ಗೆರೆ ಎಳೆಯುವ ಹೊತ್ತನ್ನು ಕಳೆಯಬೇಕಲ್ಲ. ಗುರುಪಾದಪ್ಪ ಬಗ್ಗಿ ಬೆರಳಿಟ್ಟು ಅಳೆದು ಚಪ್ಪಾಳೆ ಹೊಡೆದರು. ಎಲ್ಲರೂ ತಲೆಯೆತ್ತಿದರು. ಇನ್ನೊಂದು ಚಪ್ಪಾಳೆ. ಬಟ್ಟೆ ಬಿತ್ತು.

ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಏನಾಯಿತೆಂದು ತಿಳಿದದ್ದು ಪುಟ್ಟನಂಜಿಯ ದನಿಯಿಂದ. "ನಗ್ತಿದ್ಲು" ಎಂದಳು, ಮೆಲ್ಲಗೆ. ಆಮೇಲೆ ಜೋರಾಗಿ: "ನಮ್ಮವ್ವ ಜೀವ ಬಿಡ್ತಿದ್ರೆ ಇವಳು ಹಲ್ಲು ಕಾಣೋ ಹಂಗೆ ನಗ್ತಿದ್ಲು. ಎಲ್ಲರೂ ನೋಡಿದ್ರಲ್ಲ."

ಎಲ್ಲರೂ ನೋಡಿದ್ದರು. ಮಾದಯ್ಯನೂ ನೋಡಿದ್ದ. "ಮುಖ ಸಿಕ್ತು" ಎಂದರು ಗುರುಪಾದಪ್ಪ. ಅದು ಅವರ ತೀರ್ಪಿನ ಮಾತು, ಅದರ ಮೇಲೆ ಮಾತಿಲ್ಲ. ಹೆಣ ಎತ್ತುವ ಮೊದಲು ದೇವೀರಿ ಹೊಸಿಲು ದಾಟಬೇಕು, ಮಗು ಆ ಮನೆಯದು, ಆ ಮನೆಯಲ್ಲೇ ಇರಬೇಕು ಎಂದಾಯಿತು. ಬಟ್ಟೆಯ ಒಳಗಿನಿಂದ ದೇವೀರಿ "ಒಂಚೂರು ತಡೀರಿ, ಇನ್ನೂ ಐತೆ" ಎಂದದ್ದನ್ನು ನಾನೊಬ್ಬಳೇ ಕೇಳಿದೆನೋ, ಎಲ್ಲರೂ ಕೇಳಿ ಸುಮ್ಮನಾದರೋ ತಿಳಿಯದು. ಅವಳಿಗೆ ತವರಿಲ್ಲ. ನಾನೇ ಕೈಹಿಡಿದು ನಮ್ಮ ಮನೆಗೆ ಕರೆದುಕೊಂಡು ಬಂದೆ. ಒಳಗೆ ಬಂದು ಬಟ್ಟೆ ತೆಗೆದರೆ ಆ ಮುಖ ಬಾಯಿ ತೆರೆದು ಅಳುತ್ತಿತ್ತು. ಅಂಥ ಅಳುವನ್ನು ನಾನು ಈ ವಯಸ್ಸಿಗೆ ಬಂದರೂ ಕಂಡಿರಲಿಲ್ಲ. ಬೀದಿ ದಾಟುವಷ್ಟು ಹೊತ್ತು ಕಾದಿದ್ದರೆ ಊರೆಲ್ಲ ಇದನ್ನು ನೋಡುತ್ತಿತ್ತು.

"ಏನಾಯ್ತು ಮಗಾ?" ಎಂದು ಕೇಳಿದೆ.

"ಅತ್ತೆಮ್ಮ ನಗಿಸ್ತಿದ್ರು ಅಕ್ಕ. ಇಬ್ರೂ ನಗ್ತಿದ್ದೋ. ಹಂಗೇ ಹೋಗ್ಬುಟ್ರು. ನನಗೆ ಗೊತ್ತೇ ಆಗ್ಲಿಲ್ಲ, ಇನ್ನೂ ನಗ್ತಾನೇ ಇದ್ದೆ."

"ಏನಂದು ನಗಿಸ್ತಿದ್ರು?"

"ಅದು ಪುಟ್ಟನಂಜಿ ಮೇಲಿನ ಮಾತು. ಅವ್ವನ್ನ ಕಳ್ಕೊಂಡವಳೆ, ಅದನ್ನೂ ಕೇಳಿಸ್ಬೇಕಾ? ಬುಡಿ."

"ಈ ಹೊತ್ಗೆ ನಗು ಬರ್ತೈತೆ ಅಂತ ನಿಂಗೆ ಗೊತ್ತಿತ್ತಲ್ಲ. ಗೆರೆನ ಒಂದು ಗೇಣು ಆಚೆ ಎಳೀಬಾರ್ದಿತ್ತಾ?"

ಅವಳು ಅರ್ಥವಾಗದವಳಂತೆ ಕೇಳಿದಳು. "ಯಾಕೆ ಆಚೆ ಎಳೀಲಿ? ನಗುವಿನ ಹಿಂದೇನೇ ಅಳು ಬರ್ತದಲ್ಲ. ನೋಡ್ತಾರೆ ಅಂದ್ಕೊಂಡೆ."

ನೋಡ್ತಾರೆ ಅಂದುಕೊಂಡಳಂತೆ. ಆ ಮಾತು ಕೇಳಿದಾಗಿನಿಂದ ನನ್ನೊಳಗೆ ಹತ್ತಿದ ಬೆಂಕಿ ಆರಲಿಲ್ಲ. ಮರುದಿನ ಅದೇ ಹೊತ್ತಿಗೆ ಎದುರು ಮನೆಗೆ ಹೋದೆ. ಜಗಲಿಯ ಮೇಲೆ ಬೆಳ್ಳಿ ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಅನ್ನ ಮಾಡುತ್ತಾ ಆಡುತ್ತಿತ್ತು. ಬಾಯಲ್ಲಿ ಏನೋ ಗುನುಗುತ್ತಿತ್ತು. ಮುಖ ಮಾತ್ರ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಹಿಂದಿನ ದಿನ ಈ ಹೊತ್ತಿಗೇ ಅವಳ ಅವ್ವನನ್ನು ನಾನು ಕರೆದುಕೊಂಡು ಹೋದದ್ದು. ಮಗು ತನ್ನ ಕೆನ್ನೆಯ ನೀರನ್ನು ಒರೆಸಿಕೊಂಡು, ಇದೆಲ್ಲಿಂದ ಬಂತು ಎಂಬಂತೆ ಕೈ ನೋಡಿಕೊಂಡು, ಆ ನೀರನ್ನೇ ಮಣ್ಣಿಗೆ ಬೆರೆಸಿ ಅನ್ನ ಕಲಸಿತು. ಪಕ್ಕದಲ್ಲೇ ಮಾದಯ್ಯ ಕೂತಿದ್ದ.

"ನೋಡು, ಮಗಳ ಮುಖ ನೋಡು" ಎಂದೆ.

"ನೋಡ್ತಾ ಇವ್ನಿ ಚೆನ್ನಕ್ಕ. ಏನ್ ಮಾಡ್ಲಿ? ನಾನೂ ಕಣ್ಣಾರೆ ಕಂಡೆನಲ್ಲ."

"ಎಷ್ಟು ಕಂಡೆ? ದಾರೀಲಿ ಒಬ್ಬ ಒಂದು ಕಾಲೆತ್ತಿ ನಿಂತವ್ನೆ ಅನ್ನು. ಊರಿಗೆ ಬರ್ತಾವ್ನೋ ಊರು ಬಿಟ್ಟು ಹೋಗ್ತಾವ್ನೋ ಹೇಳು ನೋಡಾನ."

"ನಗು ಅಂದ್ರೆ ನಗು ತಾನೆ?"

"ಆ ನಗು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು ಅಂತ ಹೆಂಡ್ತೀನ ಕೇಳಿದ್ಯಾ?"

"ಕೇಳೋದೇನೈತೆ ಅಕ್ಕ. ಮುಖಾನೇ ಹೇಳ್ತಲ್ಲ."

ಅವನಿಗೆ ಹೊಡೆಯಬೇಕೆನ್ನಿಸಿತು. ಹೊಡೆದಿದ್ದರೂ ಅವನ ಕೆನ್ನೆಗೆ ನೋವಾಗುತ್ತಿತ್ತೇ ಹೊರತು ನನ್ನ ಸಿಟ್ಟು ಅವನಿಗೆ ಕಾಣುತ್ತಿರಲಿಲ್ಲ. ಅಲ್ಲಿಂದ ನೇರ ಗುರುಪಾದಪ್ಪನವರ ಮನೆಗೆ ಹೋಗಿ ಬಾಯಿ ನೋಯುವಷ್ಟು ಕೂಗಾಡಿದೆ. ನಾನು ಅಲ್ಲಿಗೆ ತಲುಪುವ ಹೊತ್ತು ಹಿಂದಿನ ದಿನ ಅಡುಗೆಮನೆಯಲ್ಲಿ ದೇವೀರಿಗೆ ಮಜ್ಜಿಗೆ ಕುಡಿಸಿ ತಲೆ ಸವರುತ್ತಿದ್ದ ಹೊತ್ತು. ಹಾಗಾಗಿ ಅಷ್ಟು ಕೂಗಿದರೂ ನನ್ನ ಮುಖದ ಮೇಲೆ ಹಸುವಿನಂಥ ಕನಿಕರ ಕೂತಿತ್ತಂತೆ. ಗುರುಪಾದಪ್ಪ ಎಲೆ ಅಡಿಕೆ ಮಡಿಸುತ್ತಾ ಕೇಳಿಸಿಕೊಂಡರು. "ನೋಡಮ್ಮ ಚೆನ್ನಾಜಿ, ದನಿ ಯಾರು ಬೇಕಾದರೂ ಎತ್ತಬಹುದು. ಸಿಟ್ಟಿದ್ದರೆ ಮುಖದಲ್ಲಿ ತಗೊಂಡು ಬಾ, ನೋಡೋಣ" ಎಂದರು. ಮೆತ್ತಗೆ, ಮರ್ಯಾದೆಯಿಂದಲೇ ಅಂದರು. ಅದೇ ಇನ್ನಷ್ಟು ಉರಿಸಿತು.

ಸರಿ, ತಗೊಂಡೇ ಬರೋಣ ಎಂದುಕೊಂಡೆ. ಒಬ್ಬಳ ಮುಖ ಸಾಲುವುದಿಲ್ಲ. ಮಾರನೆಯ ದಿನ ಬೀದಿಯ ಹೆಂಗಸರನ್ನೆಲ್ಲ ಗಿರಣಿಗೆ ಕರೆದೆ. ಅದರ ಮರುದಿನ ಕಟ್ಟೆ ಸೇರುವ ದಿನ. ಬೇವಿನ ಮರದ ನೆರಳು ಕಟ್ಟೆಯ ಮೆಟ್ಟಿಲು ಮುಟ್ಟುವಾಗ ಗುರುಪಾದಪ್ಪ ಬಂದು ಕೂರುತ್ತಾರೆ. ಇವತ್ತು ಆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಕೂತು ಸಿಟ್ಟು ಮಾಡಿಕೊಂಡರೆ ನಾಳೆ ಆ ಹೊತ್ತಿಗೆ ಅವರೆದುರು ನಿಂತರಾಯಿತು. ಗಿರಣಿ ನಿಲ್ಲಿಸಿದೆ, ಬಾಗಿಲು ಮುಂದೆ ಮಾಡಿದೆ. ಎಲ್ಲರೂ ಚೀಲಗಳ ಮೇಲೆ ಕೂತರು. ದೇವೀರಿಯೂ ಮೂಲೆಯಲ್ಲಿದ್ದಳು.

"ಹೊತ್ತಾಯ್ತು, ಸಿಟ್ಟು ಮಾಡ್ಕೊಳ್ಳಿ" ಎಂದೆ.

ಯಾರಿಗೂ ಬರಲಿಲ್ಲ. ಬಾ ಎಂದರೆ ಬರಲು ಸಿಟ್ಟೇನು ಸಾಕಿದ ನಾಯಿಯೇ. ಬಟ್ಟೆ ಹೊಲಿಯುವ ಜಬೀನಾ, "ನಂಗೆ ಸಿಟ್ಟು ಬರ್ಬೇಕಂದ್ರೆ ಯಾರಾದ್ರೂ ನನ್ನ ಕತ್ರಿ ತಗೊಂಡು ಕಾಗದ ಕತ್ತರಿಸ್ಬೇಕು" ಎಂದಳು. ಹೂವು ಮಾರುವ ಸಾಕಮ್ಮನಿಗೆ ಗಂಡನನ್ನು ನೆನೆಸಿಕೋ ಎಂದು ಯಾರೋ ಹೇಳಿದರು. "ಅಯ್ಯೋ, ಅವರನ್ನ ನೆನೆಸ್ಕೊಂಡ್ರೆ ಸಿಟ್ಟೆಲ್ಲಿ ಬರ್ತೈತೆ, ಕಾಗೆ ನೆಪ್ಪಾಗ್ತೈತೆ" ಎಂದಳು ಸಾಕಮ್ಮ.

"ಯಾವ ಕಾಗೆ?"

"ನನ್ನ ನೋಡಾಕೆ ಬಂದಿದ್ರಲ್ಲ, ಆವಾಗ. ಒಪ್ಪಿಗೇನಾ ಮಗಾ ಅಂತ ಕೇಳಿದ್ರು. ಅದೇ ಹೊತ್ಗೆ ಒಂದು ಕಾಗೆ ಹಾರ್ಕೊಂಡು ಬಂದು ಅತ್ತೆ ತುರುಬಿನ ಮೇಲೆ ಕೂತ್ಕೊಂತು. ಆಯಮ್ಮಂಗೆ ಗೊತ್ತೇ ಇಲ್ಲ, ಗತ್ತಾಗಿ ಕೂತವ್ರೆ. ಮಾರನೇ ದಿನ ಚಪ್ಪಾಳೆ ಹೊಡೆದು ನೋಡಿದ್ರು. ನಗು. ಹುಡುಗಿ ಒಪ್ಪವಳೆ ಅಂದ್ರು. ಕಾಗೆ ನೋಡಿ ನಕ್ಕಿದ್ದಕ್ಕೆ ನಾನು ಮದುವೆ ಆಗಿ, ನಾಕು ಹೆತ್ತು, ಇನ್ನೂ ಅಲ್ಲೇ ಇವ್ನಿ."

ಗಿರಣಿಯೆಲ್ಲ ನಕ್ಕಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ದೇವೀರಿಯ ದನಿಯಲ್ಲೂ ನಗು ಕೇಳಿಸಿತು, ಅದನ್ನು ಕೇಳಿ ಎಷ್ಟು ದಿನವಾಗಿತ್ತೋ ಎನ್ನಿಸಿತು. ಆಮೇಲೆ ಜಬೀನಾ, ನಗುತ್ತಲೇ, "ಒಪ್ಪಿಗೆ ಇರ್ಲಿಲ್ವಾ ಹಂಗಾದ್ರೆ?" ಎಂದು ಕೇಳಿದಳು. "ಯಾರು ಕೇಳಿದ್ರು ಮತ್ತೆ?" ಎಂದಳು ಸಾಕಮ್ಮ. ಆ ದನಿ ಅವಳದೇ ಎಂದು ನಂಬಲಾಗಲಿಲ್ಲ. ಬೀದಿ ಬೀದಿ ಹೂವು ಕೂಗುವ ಗಂಟಲು ಅಷ್ಟು ಸಣ್ಣಗಾಗಿತ್ತು. ನಗು ಒಂದೊಂದೇ ಕಡೆ ನಿಂತಿತು. ಜಬೀನಾ ತನ್ನ ಮಾತು ತೆಗೆದಳು: ತನ್ನ ತಮ್ಮ ಕಾಯಿಲೆ ಬಿದ್ದ ಮರುದಿನ ಅವಳ ಮುಖದಲ್ಲಿ ಕಂಡದ್ದು ಹೊಟ್ಟೆಕಿಚ್ಚು ಎಂದು ತೀರ್ಪಾಗಿತ್ತು, ನಿಜವಾಗಿ ಅವಳಿಗೆ ಹಿಂದಿನ ದಿನ ಹಲ್ಲುನೋವು. ಇನ್ನೊಬ್ಬಳು ತೆಗೆದಳು. ಪ್ರತಿಯೊಬ್ಬಳ ಹತ್ತಿರವೂ ಒಂದಿತ್ತು. ಒಬ್ಬಳಾದರೂ ಇಷ್ಟು ವರ್ಷ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಕೇಳಿದವರಿದ್ದರೆ ತಾನೆ. ಕರೆದಾಗ ಬಾರದ ಸಿಟ್ಟು ಈಗ ಬಂತು. ಕೂಗಿಲ್ಲ, ಕಿರುಚಿಲ್ಲ. ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಗಿರಣಿ ನಿಂತಿದ್ದರೂ ಕಲ್ಲು ತಿರುಗುತ್ತಿರುವಂತೆ ನೆಲ ಅದುರುತ್ತಿದೆಯೇನೋ ಎನ್ನಿಸಿತು ನನಗೆ.

ಮರುದಿನ ಕಟ್ಟೆಯ ಮುಂದೆ ಸಾಲಾಗಿ ನಿಂತೆವು. ಗುರುಪಾದಪ್ಪ ಕಟ್ಟೆಯಿಲ್ಲದ ದಿನಗಳಲ್ಲಿ ಆ ಹೊತ್ತಿಗೆ ಮಲಗಿ ನಿದ್ದೆ ಮಾಡುವವರು. ಹಾಗಾಗಿ ತೀರ್ಪು ಹೇಳುವಾಗೆಲ್ಲ ಅವರ ಮುಖ ತೂಕಡಿಸುತ್ತಲೇ ಇರುತ್ತದೆ. ಊರವರಿದ್ದರು. ಮಾದಯ್ಯ, ಪುಟ್ಟನಂಜಿಯೂ ಇದ್ದರು, ನಾನೇ ಹೇಳಿಕಳಿಸಿದ್ದೆ. ದೇವೀರಿ ನಮ್ಮ ಹಿಂದೆ ಸೆರಗು ಮುಂದಕ್ಕೆ ಎಳೆದುಕೊಂಡು ನಿಂತಿದ್ದಳು.

"ಏನಮ್ಮ ಇದು?" ಎಂದರು ಗುರುಪಾದಪ್ಪ.

"ಸಿಟ್ಟು ಮುಖದಲ್ಲಿ ತಗೊಂಡು ಬಾ ಅಂದಿದ್ರಿ. ತಂದಿದೀವಿ" ಎಂದೆ. ನಿಜ ಹೇಳಬೇಕೆಂದರೆ ನನ್ನ ದನಿ ನಡುಗುತ್ತಿತ್ತು. ಅಷ್ಟು ಜನರೆದುರು ಕಟ್ಟೆಗೆ ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ.

ನೆರಳು ಮೆಟ್ಟಿಲು ಮುಟ್ಟಿತು. ಕೈಯ ಅಭ್ಯಾಸ, ಗುರುಪಾದಪ್ಪ ಚಪ್ಪಾಳೆ ಹೊಡೆದರು. ಎಲ್ಲರೂ ತಲೆಯೆತ್ತಿದರು. ನಾವೆಲ್ಲ ಬಾಯಿತುಂಬ ನಗುತ್ತಿದ್ದೆವು. ಇನ್ನೊಂದು ಚಪ್ಪಾಳೆ.

"ನಗ್ತಿದೀರಿ" ಎಂದರು ಅವರು. ಆ ದನಿಯಲ್ಲಿ ನಿಜವಾದ ನೋವಿತ್ತು. "ಕಟ್ಟೆ ಮುಂದೆ ಬಂದು ತಮಾಷೆ ಮಾಡ್ತಿದೀರಿ. ಮುಖ ಸಿಕ್ತು, ಹೋಗಿ."

"ಹೋಗಾಕಿಲ್ಲ" ಎಂದೆ. "ನಮ್ಮ ತಲೆ ಮೇಲೆ ಬಟ್ಟೆ ಹಾಕ್ಬೇಕಂದ್ರೆ ಊರಲ್ಲಿರೋ ಸೀರೆ ಎಲ್ಲ ತರ್ಬೇಕಾಯ್ತದೆ. ತರೋಗಂಟ ಇಲ್ಲೇ ಇರ್ತೀವಿ. ನೋಡೋರು ನೋಡಿ."

ಮೊದಲು ಎಲ್ಲರೂ ತಲೆ ತಗ್ಗಿಸಿಯೇ ಇದ್ದರು. ಆದರೆ ನಮ್ಮ ಪಾದಗಳು ಕದಲದಿದ್ದಾಗ ಒಬ್ಬ ಮೆಲ್ಲಗೆ ಕಣ್ಣೆತ್ತಿದ. ಪಕ್ಕದವನೂ ಎತ್ತಿದ. ಆಗ ನಮ್ಮ ಮುಖಗಳು ಹೊರಳತೊಡಗಿದ್ದವು. ನನ್ನ ಮುಖ ನನಗೆ ಕಾಣುವುದಿಲ್ಲ, ಸಾಲಿನ ಕೊನೆಯಲ್ಲಿ ಕತ್ತು ತಿರುಗಿಸಿ ಸಾಕಮ್ಮನದನ್ನು ನೋಡುತ್ತಿದ್ದೆ. ನಗು ಒಮ್ಮೆಗೇ ಹೋಗಲಿಲ್ಲ. ತುಟಿ ಹಾಗೇ ಇತ್ತು, ಹಲ್ಲೂ ಹಾಗೇ ಕಾಣುತ್ತಿತ್ತು, ಕಣ್ಣು ಮಾತ್ರ ಮೊದಲು ನಿಂತಿತು. ಆಮೇಲೆ ಕೆನ್ನೆ ಇಳಿಯಿತು. ತುಟಿ ಇನ್ನೂ ನಗುತ್ತಿರುವಾಗಲೇ ಹುಬ್ಬು ನೀರಿಗಿಳಿಯುವ ಎಮ್ಮೆಯಂತೆ ನಿಧಾನಕ್ಕೆ ಕೆಳಗೆ ಬಂತು. ಆಮೇಲೆ ಬಾಯಿ ಮುಚ್ಚಿತು. ಮುಚ್ಚಿದ ಮೇಲೆ ಅಲ್ಲಿ ಇದ್ದದ್ದು ಒಂದು ಆಯುಸ್ಸಿನ ಸಿಟ್ಟು. ಸಾಲಿನುದ್ದಕ್ಕೂ ಹಾಗೇ ಆಯಿತು, ಗಾಳಿ ಬಂದಾಗ ಪೈರು ಒಂದು ಕಡೆಯಿಂದ ಬಾಗುತ್ತಾ ಹೋಗುವಂತೆ. ಒಂದು ಭಾವ ಇನ್ನೊಂದಕ್ಕೆ ತಿರುಗುವುದನ್ನು ನಮ್ಮೂರ ಜನ ಹಾಗೆ ಗುಂಪಾಗಿ ನಿಂತು ನೋಡಿದ್ದು ಅದೇ ಮೊದಲು.

"ಇನ್ನೊಂದ್ ಸಲ ಚಪ್ಪಾಳೆ ಹೊಡೀರಿ ಗುರುಪಾದಪ್ಪನೋರೇ" ಎಂದಳು ಜಬೀನಾ. "ಈಗ ಹೊಡೆದ್ರೆ ಬೇರೆ ತೀರ್ಪು ಸಿಗ್ತದೆ. ಒಸಿ ತಡೆದು ಹೊಡೆದ್ರೆ ಇನ್ನೊಂದು. ಯಾವುದು ಬೇಕು ನಿಮಗೆ?"

ಅವರು ಕೈ ಎತ್ತಲಿಲ್ಲ. ಮುಖ ತೂಕಡಿಸುತ್ತಲೇ ಇತ್ತು. "ಆ ಹೆಣ್ಣುಮಗಳ ಮುಖ ಆಗಿಹೋಯ್ತಲ್ಲ. ಅದು ತಿರುಗಿ ಬರೋದಿಲ್ಲ. ಈಗ ನೋಡೋದಾದ್ರೂ ಏನನ್ನ?" ಎಂದರು. ದನಿ ಮುದುಕನದಾಗಿತ್ತು.

"ನೋಡೋಕಾಗಲ್ಲ. ಕೇಳಬೋದು" ಎಂದೆ, ಮಾದಯ್ಯನ ಕಡೆ ತಿರುಗಿ.

ಅವನು ಹೆಂಡತಿ ಎಲ್ಲಿ ನಿಂತಿದ್ದಾಳೆಂದು ಹುಡುಕಿ, "ಅವತ್ತು ಏನಾಯ್ತು?" ಎಂದು ಕೇಳಿದ. ಅಷ್ಟೇ. ಮೊದಲ ದಿನವೇ ಕೇಳಬಹುದಾಗಿದ್ದ ಮಾತು.

ದೇವೀರಿ ಸೆರಗು ಹಿಂದಕ್ಕೆ ಸರಿಸಿದಳು. "ಪುಟ್ಟನಂಜಿ, ಬೇಜಾರು ಮಾಡ್ಕೋಬೇಡ" ಎಂದಳು. "ಅತ್ತೆಮ್ಮಂಗೆ ತಲೆಗೆ ಎಣ್ಣೆ ಹಚ್ತಿದ್ದೆ. ನಾನು ಸತ್ತಾಗ ನನ್ನ ಮಗಳು ಹೆಂಗೆ ಅಳ್ತಾಳೆ ತೋರಿಸ್ತೀನಿ ನೋಡೇ ಅಂದ್ರು." ಆಮೇಲೆ ಅವಳು ಹೊನ್ನಮ್ಮನ ದನಿ ತೆಗೆದಳು. ಆ ಮೂಗಿನ ಸೊರಸೊರ, ಆ ಎಳೆತ, ಒಂದೂ ಬಿಡದೆ. "ಅಯ್ಯೋ ನನ್ನವ್ವೋ, ನನ್ನ ಹೆತ್ತವ್ವೋ, ನನ್ನ ಬುಟ್ಟು ಹೋದ್ಯಲ್ಲವ್ವೋ, ಸೊಂಟದ ಡಾಬು ಎಲ್ಲಿಟ್ಟಿದ್ದೀನಿ ಅಂತ ಹೇಳಿ ಹೋಗ್ಬಾರ್ದಿತ್ತೇನವ್ವೋ."

ಗುಂಪಿನಲ್ಲಿ ಯಾರೋ ತಡೆಯಲಾರದೆ ಕಿಸಕ್ಕೆಂದರು. ದೇವೀರಿ ಮುಂದುವರಿಸಿದಳು, ಈಗ ತನ್ನ ದನಿಯಲ್ಲಿ. "ಹಂಗಂದು, ಸತ್ತವರಂಗೆ ಕಣ್ಮುಚ್ಚಿ ಕೈ ಚೆಲ್ಬುಟ್ರು. ನಾನು ನಗ್ತಾ ಇದ್ದೆ. ಸಾಕು ಏಳಿ ಅತ್ತೆಮ್ಮ, ಎಣ್ಣೆ ಕಣ್ಣಿಗೆ ಇಳೀತೈತೆ ಅಂದೆ. ಏಳ್ಲಿಲ್ಲ. ಇನ್ನೂ ನಾಟ್ಕ ಆಡ್ತಾವ್ರೆ ಅಂತ ಇನ್ನೊಂದು ಸಲ ನಕ್ಕೆ. ಆಮೇಲೆ ಎಣ್ಣೆ ಕಣ್ಣಿನ ಮೇಲೇ ಇಳೀತು. ರೆಪ್ಪೆ ಅಲ್ಲಾಡ್ಲಿಲ್ಲ."

ಎಲ್ಲರೂ ಪುಟ್ಟನಂಜಿಯ ಕಡೆ ಕಿವಿಯಿಟ್ಟರು. "ಅವ್ವನೇ" ಎಂದಳು ಅವಳು. "ಅದು ಅವ್ವನ ದನೀನೇ. ಅವತ್ತು ಸಾಯಂಕಾಲ ನಾನು ಹಂಗೇ ಅಳ್ತಿದ್ದೆ, ಅಲ್ವಾ? ಡಾಬು ಅಂದೆ, ಅಲ್ವಾ?" ಅಂದಿದ್ದಳು, ಬೀದಿಗೆಲ್ಲ ಕೇಳಿಸಿತ್ತು. ಪುಟ್ಟನಂಜಿ ಗಂಟಲಲ್ಲೇ ನಕ್ಕಳು, ಆ ನಗು ಅಲ್ಲೇ ಮುರಿದು ಅಳುವಾಯಿತು. ಅವಳು ಯಾರನ್ನೂ ಕೇಳದೆ ಮನೆಗೆ ಹೋಗಿ ಬೆಳ್ಳಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. "ತಗೊಳ್ಳಿ ಅತ್ತಿಗೆ" ಎಂದು ದೇವೀರಿಯ ತೋಳಿಗೆ ಹಾಕಿದಳು.

ಗುರುಪಾದಪ್ಪ ಎದ್ದು ಕೋಲು ಹುಡುಕಿಕೊಂಡು ಹೋದರು. ತಪ್ಪಾಯಿತು ಎನ್ನಲಿಲ್ಲ. ಅನ್ನುತ್ತಾರೆಂದು ನಾನು ಕಾದಿದ್ದೆ, ಈಗಲೂ ಕಾಯುತ್ತಿದ್ದೇನೆ. ಹೋಗುವವರ ಬಾಯಲ್ಲಿ "ಪಾಪ", "ಏನೋ ಆಗೋಯ್ತು", "ಸದ್ಯ, ಸರಿಹೋಯ್ತಲ್ಲ" ಎಂಬ ಮಾತುಗಳು. ಸರಿಹೋಯಿತಂತೆ. ಅವರ ದನಿಗಳ ಮೇಲೆ ನನಗಿದ್ದ ಪ್ರೀತಿಯೆಲ್ಲ ಆ ಹೊತ್ತು ಕಹಿಯಾಗಿತ್ತು.

ಮಾದಯ್ಯ ಹತ್ತಿರ ಬಂದ. "ಮನೆಗೆ ಹೋಗಾನ ಬಾ" ಎಂದ.

"ಈಗ ಬರಾಕಿಲ್ಲ" ಎಂದಳು ದೇವೀರಿ. "ನಾಳೆ ಈ ಹೊತ್ಗೆ ಚೆನ್ನಕ್ಕನ ಜಗಲಿಗೆ ಬನ್ನಿ. ಈಗ ನನ್ನೊಳಗೆ ಏನಾಗ್ತೈತೆ ಅನ್ನೋದನ್ನ ಕೂತು ನೋಡಿ. ಚಪ್ಪಾಳೆ ಹೊಡೆಯಂಗಿಲ್ಲ. ತಲೆ ತಗ್ಗಿಸಂಗಿಲ್ಲ."

ಅವನು ಬಂದ. ನಾನು ಗಿರಣಿ ನಿಲ್ಲಿಸಿ ಬಾಗಿಲ ಸಂದಿಯಲ್ಲಿ ಕೂತೆ. ಮರ್ಯಾದೆಯೆಂದು ಒಳಗೆ ಹೋಗಬೇಕಿತ್ತು, ಹೋಗಲಿಲ್ಲ. ದೇವೀರಿ ಮೊರದಲ್ಲಿ ಬೆಳ್ಳುಳ್ಳಿ ಇಟ್ಟುಕೊಂಡು ಬಿಡಿಸುತ್ತಿದ್ದಳು. ಹೊತ್ತು ಬಂತು. ಮೊದಲು ಅವಳ ಗಲ್ಲ ಬಿಗಿಯಿತು. ಆಮೇಲೆ ಕಣ್ಣು ಅಗಲವಾಗಿ ಅವನ ಮೇಲೆ ನಿಂತಿತು. ಸಿಟ್ಟು ಏರಿತು, ಇಳಿದು ನೋವಾಯಿತು, ನೋವು ಅಸಹ್ಯಕ್ಕೆ ತಿರುಗಿತು, ಮತ್ತೆ ಸಿಟ್ಟಾಗಿ ಮೊದಲಿಗಿಂತ ಎತ್ತರಕ್ಕೆ ಏರಿತು. ನಡುವೆ ಒಂದೆರಡು ಸಲ ಪ್ರೀತಿಯಂಥದ್ದೂ ಮೂಡಿತು, ಅದನ್ನು ಸಿಟ್ಟೇ ಬಂದು ತಳ್ಳಿಕೊಂಡು ಹೋಯಿತು. ಕೈಗಳು ಸಿಪ್ಪೆ ಸುಲಿಯುತ್ತಲೇ ಇದ್ದವು. ಮಾದಯ್ಯನ ಕತ್ತು ಒಮ್ಮೆ ಬಾಗಿತು. "ಮೇಲೆ ನೋಡಿ" ಎಂದಳು. ಅವನು ನೋಡಿದ. ನೆರಳು ನಮ್ಮ ಅಂಗಳ ದಾಟಿ ಬೀದಿಗೆ ಇಳಿಯುವವರೆಗೂ ನೋಡಿದ. ಅವನ ಉಸಿರು ಹಗ್ಗ ಜಗ್ಗುವವನಂತೆ ಬರುತ್ತಿತ್ತು.

ಅವಳ ಮುಖ ಸಮವಾದಾಗ ಅವನು ಎದ್ದ. "ಮುಗೀತಾ?" ಎಂದು ಕೇಳಿದ.

"ನೆನ್ನೇದು ಮುಗೀತು" ಎಂದಳು ದೇವೀರಿ, ಮೊರದ ಸಿಪ್ಪೆ ಊದುತ್ತಾ. "ಇವತ್ತು ನೀವು ಇಲ್ಲಿ ಕೂತಿರೋವಾಗ ಬಂದಿದ್ದು ಬೇರೆ ಐತೆ. ಅದು ನಾಳೆ."

ಮಾದಯ್ಯ ಚಪ್ಪಲಿ ಮೆಟ್ಟಿಕೊಂಡ. ಅಂಗಳದ ತುದಿಯಲ್ಲಿ ನಿಂತು, "ಇದೇ ಹೊತ್ಗಾ?" ಎಂದ.

"ಒಸಿ ಮುಂಚೇನೇ ಬನ್ನಿ."